ಎಚ್‌ಪಿಯಿಂದ ಯೂನಿಟ್‌ವರೆಗೆ: ಉದ್ಯಮಿ ಅರಿಯಬೇಕಾದ ಲೆಕ್ಕ

ಸಾಮರ್ಥ್ಯದ ಮಾನ ವ್ಯಾಟ್, ಶಕ್ತಿಯ ಮಾನ ಜೂಲ್. ವಿದ್ಯುತ್ ಬಿಲ್ಲಿನ 1 ಯೂನಿಟ್ ಎಂದರೆ 1 ಕಿಲೋವ್ಯಾಟ್-ಗಂಟೆ, ಅಂದರೆ 36 ಲಕ್ಷ ಜೂಲ್. ಹಲವರು ಎಡವುವುದು ಇಲ್ಲೇ: ಕಿಲೋವ್ಯಾಟ್ ಸಾಮರ್ಥ್ಯವನ್ನು ಹೇಳುತ್ತದೆ, ಕಿಲೋವ್ಯಾಟ್-ಗಂಟೆ ಬಳಸಿದ ಶಕ್ತಿಯನ್ನು.

ಹಿಟ್ಟಿನ ಗಿರಣಿಯೊಂದರ ಮೋಟಾರಿನ ಮೇಲೆ 10 ಎಚ್‌ಪಿ (ಅಶ್ವಶಕ್ತಿ) ಎಂದು ಬರೆದಿದೆ ಎಂದಿಟ್ಟುಕೊಳ್ಳಿ. 1 ಎಚ್‌ಪಿ ಸುಮಾರು 746 ವ್ಯಾಟ್, ಹಾಗಾಗಿ 7.46 ಕಿಲೋವ್ಯಾಟ್. ಇದು ಮೋಟಾರು ಗಿರಣಿಗೆ ಕೊಡುವ ಸಾಮರ್ಥ್ಯವೇ ಹೊರತು ತಂತಿಯಿಂದ ಎಳೆಯುವುದಲ್ಲ. ದಕ್ಷತೆ ಶೇ. 90 ಇದ್ದರೆ ಎಳೆಯುವುದು ಸುಮಾರು 8.3 ಕಿಲೋವ್ಯಾಟ್. ಪೂರ್ಣ ಹೊರೆಯಲ್ಲಿ 8 ಗಂಟೆ ಓಡಿದರೆ ಸುಮಾರು 66 ಯೂನಿಟ್. ಈ ಸಂಖ್ಯೆಯನ್ನು ನಿಮ್ಮ ಊರಿನ ವಿದ್ಯುತ್ ದರದಿಂದ ಗುಣಿಸಿದರೆ ದಿನದ ವಿದ್ಯುತ್ ಖರ್ಚು ಸಿಗುತ್ತದೆ. ಅದನ್ನು ದಿನಕ್ಕೆ ಬೀಸುವ ಕಿಲೋಗಳಿಂದ ಭಾಗಿಸಿದರೆ, ಒಂದು ಕಿಲೋ ಬೀಸುವ ಕೂಲಿಯಲ್ಲಿ ವಿದ್ಯುತ್ತಿಗೆ ಎಷ್ಟು ಸೇರಿಸಬೇಕೆಂಬುದೂ ತಿಳಿಯುತ್ತದೆ.

ಜನರೇಟರ್ ಕೊಳ್ಳುವವರು ಅದರ ಮೇಲಿನ ಕೆವಿಎ (ಕಿಲೋವೋಲ್ಟ್-ಆಂಪಿಯರ್) ಸಂಖ್ಯೆ ನೋಡಿ ಮೋಸಹೋಗಬಾರದು. ಅದನ್ನು ಪವರ್ ಫ್ಯಾಕ್ಟರ್‌ನಿಂದ (ಕೆವಿಎಯಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) ಗುಣಿಸಿದರೆ ಮಾತ್ರ ಕಿಲೋವ್ಯಾಟ್ ಸಿಗುತ್ತದೆ. 25 ಕೆವಿಎ ಯಂತ್ರ 0.8 ಪವರ್ ಫ್ಯಾಕ್ಟರ್‌ನಲ್ಲಿ ಕೊಡುವುದು 20 ಕಿಲೋವ್ಯಾಟ್ ಮಾತ್ರ.

ನೆನಪಿಡಿ: 1 ಯೂನಿಟ್ = 3.6 ಮೆಗಾಜೂಲ್ = ಸುಮಾರು 860 ಕಿಲೋಕ್ಯಾಲೊರಿ.