ಮುಂಗಡ ಕೊಟ್ಟ ಕೋಣೆಯೂ ಮುಂದಿನ ದಾರಿಯೂ

ಬೆಂಗಳೂರಿನಿಂದ ಲೇಹ್‌ವರೆಗೆ ಬೈಕಿನಲ್ಲಿ ಹೋಗಿಬರಬೇಕೆಂದಿರುವ ತರುಣರು, ಪ್ರತಿದಿನ ಕ್ರಮಿಸಬೇಕಾದ ದೂರವನ್ನೂ ಪ್ರತಿರಾತ್ರಿ ತಂಗಬೇಕಾದ ಕೋಣೆಯನ್ನೂ ಗೊತ್ತುಪಡಿಸಿದ ಪಟ್ಟಿಯೊಂದನ್ನು ನನ್ನ ಮುಂದಿರಿಸಿ, ಇದರಲ್ಲಿ ಎಷ್ಟು ಹಣ ಉಳಿಸಬಹುದೆಂದು ಕೇಳುವುದುಂಟು. ಆ ಮಾರ್ಗವನ್ನು ಸವಾರಿ ಮಾಡಿ ಬಲ್ಲ ನಾನು ಅವರಿಗೆ ಹೇಳುವುದಿಷ್ಟೆ: ದಾರಿಯಲ್ಲಿ ಹಣ ಕೊಟ್ಟರೂ ದೊರೆಯದಿರುವುದನ್ನೆಲ್ಲ ಹೊರಡುವ ಮುನ್ನವೇ ಸಿದ್ಧಪಡಿಸಿಕೊಳ್ಳಿರಿ, ಹಣ ಕೊಟ್ಟರೆ ದೊರೆಯುವುದಕ್ಕೆ ಹಣವನ್ನು ಮಾತ್ರ ಇಟ್ಟುಕೊಳ್ಳಿರಿ.

ಮೊದಲನೆಯ ವರ್ಗಕ್ಕೆ ಸೇರಿದುದು ಪೆಟ್ರೋಲು. ಮನಾಲಿಯ ಕಡೆಯಿಂದ ಹೋಗುವವರಿಗೆ ಕೇಲಾಂಗಿಗೆ ಮೊದಲು ಸಿಕ್ಕುವ ತಾಂಡಿಯ ಬಂಕಿನಲ್ಲಿ, ಮುಂದಿನ ಬಂಕು 365 ಕಿಲೋಮೀಟರ್ ಆಚೆಗಿದೆಯೆಂದು ಸಾರುವ ಫಲಕವು ಬಹುಕಾಲದಿಂದ ಸವಾರರಿಗೆಲ್ಲ ಪರಿಚಿತವಾದುದು. ಬಯಲುನಾಡಿನಲ್ಲಿ ಲೀಟರಿಗೆ 35 ಕಿಲೋಮೀಟರ್ ಓಡುವ ಬೈಕು, ಗಾಳಿ ವಿರಳವಾಗುತ್ತ ಕೆಳಗೇರಿನಲ್ಲಿಯೇ ಏರಬೇಕಾದ, ಸುಮಾರು 16,000 ಅಡಿ ಎತ್ತರದ ಬಾರಾಲಾಚಾ ಘಟ್ಟದಲ್ಲಿ ಅಷ್ಟು ಓಡಲಾರದು; ಆದುದರಿಂದ 13 ಲೀಟರಿನ ಟ್ಯಾಂಕಿನ ಜೊತೆಗೆ 5 ಲೀಟರಿನ ಕ್ಯಾನೊಂದನ್ನು ಒಯ್ಯುವುದು ಅವಶ್ಯ. ನಗದು ಹಣವೂ ಅಂಥದೇ. ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಲಡಾಖಿನಲ್ಲಿ ನಡೆಯದು. ಪೋಸ್ಟ್‌ಪೇಯ್ಡ್ ಇದ್ದರೂ ಊರುಬಿಟ್ಟ ಮೇಲೆ ಸಂಪರ್ಕ ಸಿಕ್ಕುವುದೆಂಬ ಭರವಸೆಯಿಲ್ಲ. ಫೋನಿನಿಂದ ಹಣ ತೆರುವ ಅಭ್ಯಾಸವಾದವರು ನೋಟುಗಳನ್ನು ಎರಡು ಕಡೆ ಹಂಚಿ ಇಟ್ಟುಕೊಳ್ಳತಕ್ಕದ್ದು. ವಿಮೆಯ ಅವಧಿ ನಡುದಾರಿಯಲ್ಲಿ ಮುಗಿಯದಂತೆ ನೋಡಿಕೊಳ್ಳಬೇಕು. 1988ರ ಮೋಟಾರು ವಾಹನ ಕಾಯಿದೆಯು ಕಡ್ಡಾಯಗೊಳಿಸಿರುವ ಥರ್ಡ್ ಪಾರ್ಟಿ ವಿಮೆಯೊಂದೇ ಇದ್ದರೆ, ನಿಮ್ಮ ಸ್ವಂತ ಬೈಕಿನ ಹಾನಿಗೆ ಅದರಿಂದ ಒಂದು ರೂಪಾಯಿಯೂ ಬಾರದು.

ವಸತಿಯ ವಿಷಯ ಬೇರೆ. ಹಿಂತಿರುಗಿಸದ ಕರಾರಿನ ಮೇಲೆ ಕೋಣೆಗೆ ಮುಂಗಡ ತೆತ್ತವನು ತನ್ನ ಸವಾರಿಯ ವೇಗವನ್ನು ತಾನೇ ಒತ್ತೆಯಿಟ್ಟಂತಾಗುತ್ತದೆ. ಆ ಹಾದಿಯಲ್ಲಿ ಬಿಸಿಲೇರಿದಂತೆ ಹಿಮ ಕರಗಿ, ಬೆಳಿಗ್ಗೆ ಗಾಲಿಯಷ್ಟೇ ನೆನೆಯುತ್ತಿದ್ದ ಹಳ್ಳಗಳು ಮಧ್ಯಾಹ್ನದ ಮೇಲೆ ಉಕ್ಕಿ ರಸ್ತೆಯ ಮೇಲೆ ಹರಿಯುವುವು. ಒಮ್ಮೆ ನಾವು ಜಿಸ್ಪಾ ತಲುಪಿದಾಗ ಹೊತ್ತು ಮೀರಿತ್ತು. ಮುಂದೆ ನೀರು ಏರಿದೆಯೆಂದು ಎದುರಿನಿಂದ ಬಂದ ಲಾರಿಯವರು ತಿಳಿಸಿದರು. ಎಲ್ಲಿಯೂ ಮುಂಗಡ ಕೊಟ್ಟಿರದಿದ್ದ ನಾವು ಅಲ್ಲಿಯೇ ಕೋಣೆ ಹಿಡಿದೆವು. ಜೊತೆಗೆ ಬಂದಿದ್ದ ಇನ್ನೊಂದು ತಂಡದವರಾದರೋ ಮುಂದಿನ ಡೇರೆಗಳಿಗೆ ಪೂರ್ಣ ಬಾಡಿಗೆ ಕಟ್ಟಿದ್ದವರಾದ್ದರಿಂದ, ಆ ಹಣ ವ್ಯರ್ಥವಾಗಬಾರದೆಂದು ಹೊರಟೇ ಹೋದರು. ಅವರು ಹೋಗಲಿ ಬಿಡಲಿ, ಕಟ್ಟಿದ ಹಣ ಆಗಲೇ ಹೋಗಿತ್ತು. ಕತ್ತಲಲ್ಲಿ ಹಳ್ಳ ದಾಟುವ ಅಪಾಯವೊಂದು ಮಾತ್ರ ಹೊಸದಾಗಿ ಸೇರಿತು. ಎತ್ತರದ ಹವೆಗೆ ಒಗ್ಗದೆ ತಲೆನೋವು ಓಕರಿಕೆಗಳಿಂದ ಬಳಲುವವನಿಗೂ ಒಂದು ದಿನ ನಿಂತುಬಿಡುವ ಸ್ವಾತಂತ್ರ್ಯವೇ ದೊಡ್ಡ ಔಷಧ. ಜೂನ್ ಜುಲೈ ತಿಂಗಳ ಜನಸಂದಣಿಗೆ ಅಂಜುವವರು, ರದ್ದುಪಡಿಸಿದರೆ ಹಣ ಮರಳುವ ಕೋಣೆಯನ್ನು ಹಿಡಿದಿಡಲಿ; ಬಾಡಿಗೆ ತುಸು ಹೆಚ್ಚಾದರೂ ಅದೇ ಮೇಲು.

ಇನ್ನು ಮೊತ್ತ. ಹೋಗಿಬರುವುದೂ ಅಲ್ಲಿ ಸುತ್ತುವುದೂ ಸೇರಿ 7,000 ಕಿಲೋಮೀಟರ್ ಎಂದು ಹಿಡಿದು, ಲೀಟರಿಗೆ 30 ಕಿಲೋಮೀಟರಿನಂತೆಯೂ 100 ರೂಪಾಯಿಯಂತೆಯೂ ಎಣಿಸಿದರೆ, ಪೆಟ್ರೋಲಿಗೇ ಸುಮಾರು 23,000 ರೂಪಾಯಿ ಬೇಕು. ರಾಷ್ಟ್ರೀಯ ಹೆದ್ದಾರಿಯ ಟೋಲ್ ದ್ವಿಚಕ್ರ ವಾಹನಕ್ಕಿಲ್ಲ. ಊಟ, ವಸತಿ, ರಿಪೇರಿಗಳನ್ನು ಕೂಡಿಸಿ ಬಂದ ಒಟ್ಟು ಅಂದಾಜಿಗೆ ಅದರ ಮೂರನೆಯ ಒಂದು ಪಾಲನ್ನು ಮೀಸಲಾಗಿ ಸೇರಿಸುವುದು ನನ್ನ ಪದ್ಧತಿ. ರಜೆಯಲ್ಲಿಯೂ ಅಂಥದೊಂದು ಮೀಸಲು ಇರಬೇಕು. ಭೂಕುಸಿತದಿಂದ ರಸ್ತೆ ಮುಚ್ಚಿದರೆ ಹಣವಿದ್ದೂ ದಿನಗಳಿಲ್ಲದವನು ಅವಸರಪಡುತ್ತಾನೆ. ದಿನಗಳೇ ಮುಗಿದುಹೋದಲ್ಲಿ, ದೆಹಲಿಯಿಂದ ಬೈಕನ್ನು ರೈಲಿನ ಪಾರ್ಸೆಲ್ ವಿಭಾಗಕ್ಕೆ ಒಪ್ಪಿಸಿ ತಾನೂ ರೈಲು ಹತ್ತಬಹುದು. ಟ್ಯಾಂಕು ಬರಿದಾಗಿರಬೇಕು, ನೋಂದಣಿ ಪತ್ರದ ಪ್ರತಿ ಕೈಯಲ್ಲಿರಬೇಕು, ಆ ಮೀಸಲು ಹಣ ಮೊದಲು ವೆಚ್ಚವಾಗುವುದೂ ಅಲ್ಲಿಯೇ.