ಆಷಾಢದ ಗಾಳಿಯ ಚಿತ್ರ ಬಿಡಿಸುವುದು ಹೇಗೆ?

ರಾಯದುರ್ಗದ ಕಡೆ ಕಣೇಕಲ್ಲು, ಬೊಮ್ಮನಹಾಳ್ ಸುತ್ತ ಹಗರಿ ಹೊಳೆಯ ಮರಳು ಗಾಳಿಗೆ ಎದ್ದು ಹೊಲ ಸೇರುತ್ತದೆ. ಆ ಗಾಳಿಯ ಲೆಕ್ಕವನ್ನು ನಮ್ಮ ಕಾಲೇಜು ಮಕ್ಕಳೇ ಹಾಕಬಹುದು. ಸಮುದ್ರದೊಳಗಿನ ಪ್ರವಾಹ ಅಳೆಯುವ ಕರೆಂಟ್ ಮೀಟರ್‌ನಂತೆ ಗಾಳಿಮಾಪಕವೂ ಕೊಡುವುದು ವೇಗ, ದಿಕ್ಕು ಎರಡನ್ನೇ. ಹಾಗಾಗಿ ಸಾಗರ ವಿಜ್ಞಾನಿಗಳ ದಾರಿಯೇ ನಮಗೂ ಸಾಕು.

ಮೊದಲು ಕಂಪ್ಯೂಟರಿಗೆ ‘ಆರ್’ ತಂತ್ರಾಂಶ ಹಾಕಿಕೊಳ್ಳಿ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ರಾಸ್ ಇಹಾಕಾ, ರಾಬರ್ಟ್ ಜೆಂಟಲ್‌ಮನ್ ರೂಪಿಸಿದ ಇದಕ್ಕೆ ಕಾಸು ಕೊಡಬೇಕಿಲ್ಲ. ಅಂಕಿಗಳೂ ಪುಕ್ಕಟೆ: ‘ನಾಸಾ ಪವರ್’ ತಾಣದಲ್ಲಿ ರಾಯದುರ್ಗಕ್ಕೆ 14.7 ಉತ್ತರ, 76.9 ಪೂರ್ವ ಎಂದು ಕೊಟ್ಟು, 10 ಮೀಟರ್ ಎತ್ತರದ ಗಾಳಿಯ ವೇಗ ಮತ್ತು ದಿಕ್ಕನ್ನು ಗಂಟೆವಾರು ಸಿಎಸ್‌ವಿ ಕಡತವಾಗಿ ಇಳಿಸಿಕೊಳ್ಳಿ. ನೀವು ಮಡಕಶಿರಾದವರಾದರೆ 13.9, 77.3 ಎಂದು ಕೊಡಿ. ಕಡತದ ತಲೆಯಲ್ಲಿರುವ ವಿವರಣೆಯ ಸಾಲುಗಳನ್ನು ಬಿಟ್ಟು ಓದಿಸಿ. -999 ಎಂದಿರುವ ಕಡೆ ಅಂಕಿಯೇ ಇಲ್ಲವೆಂದು ಅರ್ಥ. ಅದನ್ನು ಖಾಲಿ ಮಾಡದಿದ್ದರೆ ಸರಾಸರಿಯೆಲ್ಲ ಕೆಡುತ್ತದೆ. ಸಮಯ ಯುಟಿಸಿಯಲ್ಲಿದ್ದರೆ ನಮ್ಮ ಸಮಯಕ್ಕೆ ತರಲು ಐದೂವರೆ ಗಂಟೆ ಕೂಡಿಸಿ.

ಇನ್ನು ಮುಖ್ಯ ಕೆಲಸ. ದಿಕ್ಕನ್ನು ನೇರವಾಗಿ ಸರಾಸರಿ ಮಾಡಲೇಬೇಡಿ. 350 ಮತ್ತು 10 ಡಿಗ್ರಿ ಎರಡೂ ಬಡಗಣ ಗಾಳಿಯೇ, ಆದರೆ ಅವುಗಳ ಸರಾಸರಿ 180 ಎಂದು ಬಂದು ತೆಂಕಣ ಗಾಳಿಯಾಗಿಬಿಡುತ್ತದೆ! ಅದಕ್ಕೇ ಪ್ರತಿ ಸಾಲನ್ನೂ ಎರಡಾಗಿ ಒಡೆಯಿರಿ: ವೇಗವನ್ನು ದಿಕ್ಕಿನ ಸೈನ್‌ನಿಂದ ಗುಣಿಸಿದರೆ ಪೂರ್ವದ ಪಾಲು, ಕೊಸೈನ್‌ನಿಂದ ಗುಣಿಸಿದರೆ ಉತ್ತರದ ಪಾಲು. ‘ಆರ್’ಗೆ ಕೋನ ರೇಡಿಯನ್‌ನಲ್ಲೇ ಬೇಕು, ಡಿಗ್ರಿಯನ್ನು ಪೈನಿಂದ ಗುಣಿಸಿ 180ರಿಂದ ಭಾಗಿಸಿ. ಇನ್ನೊಂದು ಮಾತು. ಪ್ರವಾಹದ ದಿಕ್ಕೆಂದರೆ ನೀರು ಹೋಗುವ ಕಡೆ, ಗಾಳಿಯ ದಿಕ್ಕೆಂದರೆ ಅದು ಬರುವ ಕಡೆ. ಆದ್ದರಿಂದ ಗಾಳಿಯ ಎರಡೂ ಪಾಲಿಗೆ ಋಣ ಚಿಹ್ನೆ ಹಾಕಬೇಕು. 225 ಡಿಗ್ರಿಯ ನೈಋತ್ಯ ಗಾಳಿಯ ಸಾಲೊಂದನ್ನು ತೆಗೆದು ನೋಡಿ, ಎರಡೂ ಪಾಲು ಧನವಾಗಿ ಬಂದಿದ್ದರೆ ಲೆಕ್ಕ ಸರಿ.

ಚಿತ್ರಕ್ಕೆ ‘ಆರ್’ನ ‘ಓಪನ್‌ಏರ್’ ಪ್ಯಾಕೇಜಿನ ವಿಂಡ್‌ರೋಸ್, ಅಂದರೆ ಯಾವ ದಿಕ್ಕಿನಿಂದ ಎಷ್ಟು ಗಾಳಿ ಬಂತೆಂದು ತೋರಿಸುವ ಚಿತ್ರ, ಒಳ್ಳೆಯದು. ಅದನ್ನು ತಿಂಗಳವಾರು ಬಿಡಿಸಿ. ವರ್ಷಕ್ಕೆಲ್ಲ ಒಂದೇ ಚಿತ್ರ ಮಾಡಿದರೆ ಆಷಾಢದ ನೈಋತ್ಯ ಗಾಳಿಯೂ ಚಳಿಗಾಲದ ಮೂಡಣ ಗಾಳಿಯೂ ಕಲಸಿಹೋಗುತ್ತವೆ. ಕರೆಂಟ್ ಮೀಟರಿನವರ ಇನ್ನೊಂದು ಚಿತ್ರ ನನಗೆ ಬಹಳ ಇಷ್ಟ: ಪ್ರತಿ ಗಂಟೆಯ ಎರಡೂ ಪಾಲನ್ನು 3600ರಿಂದ ಗುಣಿಸಿ, ಒಂದರ ಮೇಲೊಂದು ಕೂಡಿಸುತ್ತ ಗೆರೆ ಎಳೆಯುವುದು. ಗಾಳಿ ಯಾವ ವಾರ ತಿರುಗಿತೆಂಬುದು ಆ ಗೆರೆಯ ತಿರುವಿನಲ್ಲೇ ಕಾಣುತ್ತದೆ. ಎರಡು ಅಕ್ಷಗಳ ಅಳತೆ ಒಂದೇ ಇರಲಿ, ಇಲ್ಲವಾದರೆ ತಿರುವು ಸೊಟ್ಟಗಾಗುತ್ತದೆ.

ಮರಳಿನ ಮಾತಿಗೆ ಬಂದರೆ, ಎಲ್ಲ ಗಾಳಿಯೂ ಲೆಕ್ಕಕ್ಕಿಲ್ಲ. ಒಣ ಮರಳು ಏಳಲು ಸೆಕೆಂಡಿಗೆ ಸುಮಾರು 6 ಮೀಟರ್ ವೇಗವಾದರೂ ಬೇಕು. ಅದಕ್ಕಿಂತ ಬಿರುಸಿನ ಗಂಟೆಗಳನ್ನಷ್ಟೇ ಆರಿಸಿ ಮತ್ತೊಮ್ಮೆ ಬಿಡಿಸಿ. ನಾಸಾ ಅಂಕಿಗಳು ಐವತ್ತು ಕಿಲೋಮೀಟರಿಗೂ ಮೀರಿದ ಚೌಕದ ಸರಾಸರಿ. ನಿಮ್ಮ ಹೊಲದ ಬದುವಿನ ಗಾಳಿ ತಿಳಿಯಬೇಕಿದ್ದರೆ ಅಲ್ಲೇ ಒಂದು ಗಾಳಿಮಾಪಕ ನೆಡಬೇಕು. ಅದರ ಅಂಕಿಗಳಿಗೂ ಇದೇ ಲೆಕ್ಕ.