ತೊಂಬತ್ತು ನಿಮಿಷದಲ್ಲಿ ಏನು ಮಾಡಿಸುತ್ತೀರಿ?

ಯುವಜನರಿಗೆ ಮಾರ್ಗದರ್ಶನ ನೀಡುವ ಸಂಸ್ಥೆಗಳು ಸಮಾವೇಶ ಮಾಡಹೊರಟರೆ, ಆಮಂತ್ರಣ ಪತ್ರಿಕೆಗಿಂತ ಮೊದಲು ವಾಟ್ಸ್‌ಆ್ಯಪ್‌ನಲ್ಲಿ ಗೂಗಲ್ ಫಾರ್ಮ್ ಬರುತ್ತದೆ. ಕಾರ್ಯಾಗಾರದ ಹೆಸರೇನು, ಯಾರಿಗಾಗಿ, ಎಷ್ಟು ಹೊತ್ತು, ಮುಗಿದ ಮೇಲೆ ಬಂದವರಿಗೆ ಏನು ಮಾಡಲು ಬರುತ್ತದೆ? ಪ್ರಶ್ನೆ ಹೆಚ್ಚೇನಿಲ್ಲ. ಆದರೆ ಚಿಕ್ಕೇರೂರು, ಹಾನಗಲ್ಲ, ಸವಣೂರು ಕಡೆಯ ಸಣ್ಣ ತಂಡಗಳು ಮೊದಲನೆಯದರಲ್ಲೇ ಎಡವುತ್ತವೆ. ಹೆಸರಿನ ಜಾಗದಲ್ಲಿ ‘ಗ್ರಾಮೀಣ ಯುವಜನರ ಸಬಲೀಕರಣ’ ಎಂದು ಬರೆದು ಕಳಿಸುತ್ತವೆ. ಅದೇ ಹೆಸರಿನದು ಕಲಬುರಗಿಯಿಂದಲೂ ಬಂದಿರುತ್ತದೆ, ಚಾಮರಾಜನಗರದಿಂದಲೂ ಬಂದಿರುತ್ತದೆ. ಆರಿಸುವವರು ಮೂರನ್ನೂ ಪಕ್ಕಕ್ಕಿಡುತ್ತಾರೆ. ಮೂರು ಸಾಲಿನಲ್ಲಿ ಮಾತು ಮುಗಿಸುತ್ತಿದ್ದ ಸರ್ವಜ್ಞನ ಊರೆಂದು ಹೆಸರಾದ ಅಬಲೂರು ಇದೇ ಸೀಮೆಯದು. ಆದರೂ ನಮ್ಮವರ ಪ್ರಸ್ತಾವಗಳಿಗೆ ಪೀಠಿಕೆಯೇ ಒಂದು ಪುಟ ಬೇಕು.

ನಾನು ಇಂಥ ತಂಡವೊಂದರ ಜೊತೆ ಓಡಾಡಿಕೊಂಡು, ಅದರ ಪ್ರಸ್ತಾವಗಳಿಗೆ ಕೈ ಹಚ್ಚುತ್ತ ಬಂದಿರುವುದರಿಂದ ಈ ಮಾತು. ಕಾಲೇಜು ಓದುವವರು, ಹೊಸದಾಗಿ ಕೆಲಸ ಹಿಡಿದವರು ಪ್ರೌಢಶಾಲೆಯ ಒಬ್ಬೊಬ್ಬ ಹುಡುಗ ಅಥವಾ ಹುಡುಗಿಯ ಜೊತೆ ವಾರಕ್ಕೊಮ್ಮೆ ಕೂತು ಓದು, ಮನೆ, ಮುಂದಿನ ದಾರಿಯ ಬಗ್ಗೆ ಮಾತಾಡುತ್ತಾರೆ. ಕೆಲಸವೆಂದರೆ ಇಷ್ಟೇ. ಬೆಂಗಳೂರಿನಲ್ಲಿ ‘ಮೆಂಟರ್ ಟುಗೆದರ್’ ಸಂಸ್ಥೆ 2009ರಿಂದ ಇದನ್ನು ವ್ಯವಸ್ಥಿತವಾಗಿ ನಡೆಸಿಕೊಂಡು ಬಂದಿದೆ. ಅಲ್ಲಿ ಮೆಂಟರ್ ಎನಿಸಿಕೊಂಡವರು ಇಲ್ಲಿ ಮಕ್ಕಳ ಬಾಯಲ್ಲಿ ಅಕ್ಕಾರು, ಅಣ್ಣಾರು.

ಅಮೆರಿಕದಲ್ಲಿ ಈ ಕೆಲಸಕ್ಕೆ ನೂರಿಪ್ಪತ್ತು ವರ್ಷದ ಇತಿಹಾಸವಿದೆ. ನ್ಯೂಯಾರ್ಕಿನಲ್ಲಿ 1904ರಲ್ಲಿ ಕೋರ್ಟಿಗೆ ಬರುತ್ತಿದ್ದ ಹುಡುಗರಿಗೆ ‘ದೊಡ್ಡಣ್ಣ’ಂದಿರನ್ನು ಹುಡುಕಿಕೊಡುವುದರಿಂದ ಶುರುವಾದದ್ದು ಮುಂದೆ ‘ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್’ ಸಂಸ್ಥೆಯಾಯಿತು. ಅದರ 959 ಮಕ್ಕಳ ಮೇಲೆ ನಡೆದು 1995ರಲ್ಲಿ ಪ್ರಕಟವಾದ ಅಧ್ಯಯನದ ಫಲಿತಾಂಶ ಬಹಳ ಪ್ರಸಿದ್ಧ. ಹದಿನೆಂಟು ತಿಂಗಳಲ್ಲಿ, ದೊಡ್ಡಣ್ಣ ಅಥವಾ ದೊಡ್ಡಕ್ಕ ಸಿಕ್ಕ ಮಕ್ಕಳು ಶಾಲೆ ತಪ್ಪಿಸುವುದು ಉಳಿದವರಿಗಿಂತ ಶೇ 52ರಷ್ಟು ಕಡಿಮೆಯಾಗಿತ್ತು. ಸಮಾವೇಶಗಳಲ್ಲಿ ಎಲ್ಲರೂ ತೋರಿಸುವ ಸ್ಲೈಡ್ ಇದೇ. ಕಡಿಮೆ ಜನ ತೋರಿಸುವುದು ಅದೇ ಮಾಹಿತಿಯನ್ನಿಟ್ಟುಕೊಂಡು ಜೀನ್ ಗ್ರಾಸ್‌ಮನ್ ಮತ್ತು ಜೀನ್ ರೋಡ್ಸ್ 2002ರಲ್ಲಿ ಪ್ರಕಟಿಸಿದ ಇನ್ನೊಂದು ಲೇಖನ. ವರ್ಷ ದಾಟಿದ ಜೋಡಿಗಳಲ್ಲಿ ಮಕ್ಕಳಿಗೆ ಲಾಭ ಹೆಚ್ಚು. ಮೂರು ತಿಂಗಳೊಳಗೆ ಕಡಿದುಹೋದ ಜೋಡಿಗಳಲ್ಲಿ ಮಕ್ಕಳಿಗೆ ತಮ್ಮ ಮೇಲಿನ ನಂಬಿಕೆಯೇ ಮೊದಲಿಗಿಂತ ಇಳಿದಿತ್ತು. ಅಂದರೆ ಅರ್ಧಕ್ಕೆ ಬಿಡುವ ಅಕ್ಕನಿಗಿಂತ ಅಕ್ಕನೇ ಇಲ್ಲದಿರುವುದು ವಾಸಿ.

ಈ ಮೂರು ತಿಂಗಳ ಲೆಕ್ಕವನ್ನು ಹಿರೇಕೆರೂರು ಸೀಮೆಯ ಹೊಲಕ್ಕೆ ತಂದು ನೋಡಬೇಕು. ಧಾರವಾಡದಿಂದ 1970ರ ದಶಕದಲ್ಲಿ ‘ವರಲಕ್ಷ್ಮಿ’ ಹೈಬ್ರಿಡ್ ಹತ್ತಿ ಹೊರಬಂತು. ಆಮೇಲೆ ಹಾವೇರಿ, ರಾಣೆಬೆನ್ನೂರು, ಹಿರೇಕೆರೂರು ಭಾಗ ಬೀಜೋತ್ಪಾದನೆಯ ದೊಡ್ಡ ನೆಲೆಯಾಗಿ ಬೆಳೆಯಿತು. ಹೈಬ್ರಿಡ್ ಬೀಜ ಕೈಯಿಂದಲೇ ಆಗಬೇಕು. ಮರುದಿನ ಅರಳುವ ಮೊಗ್ಗಿನ ಗಂಡುಭಾಗವನ್ನು ಸಂಜೆ ತೆಗೆಯಬೇಕು, ಬೆಳಗ್ಗೆ ಬೇರೆ ಗಿಡದ ಪರಾಗ ತಾಗಿಸಬೇಕು. ಒಂದೊಂದು ಹೂವಿಗೂ ಹೀಗೆ, ವಾರಗಟ್ಟಲೆ. ಊರವರು ಇದಕ್ಕೆ ಕ್ರಾಸಿಂಗ್ ಎನ್ನುತ್ತಾರೆ. ಮುಂಗಾರಿಗೆ ಬಿತ್ತಿದ ಹತ್ತಿ ಹೂವಿಗೆ ಬರುವುದು ಆಗಸ್ಟ್ ಹೊತ್ತಿಗೆ. ಜೂನ್‌ನಲ್ಲಿ ಶಾಲೆ ಆರಂಭವಾಗಿ, ಜುಲೈಯಲ್ಲಿ ಜೋಡಿ ಕೂಡಿಸಿ, ಹುಡುಗಿ ಈಗಷ್ಟೇ ಬಾಯಿ ಬಿಡತೊಡಗಿರುತ್ತಾಳೆ. ಅಷ್ಟರಲ್ಲಿ ಅವಳ ತಾಯಿ ಬಾಗಿಲಲ್ಲಿ ನಿಂತು, ‘ಕ್ರಾಸಿಂಗ್ ಚಾಲೂ ಆಗೇತ್ರಿ ಅಕ್ಕಾರ, ಇನ್ನ ಬರಾಕ ಆಗಂಗಿಲ್ಲ’ ಎನ್ನುತ್ತಾಳೆ. ಹದಿನಾಲ್ಕರ ಒಳಗಿನವರನ್ನು ಕೂಲಿಗೆ ಕರೆಯುವುದಕ್ಕೆ ಕಾನೂನಿನ ತಡೆ ಇದೆ. ಆದರೆ 2016ರ ತಿದ್ದುಪಡಿ, ಶಾಲೆಯ ಹೊತ್ತು ಬಿಟ್ಟು ಮನೆಯವರ ಕೆಲಸಕ್ಕೆ ನೆರವಾಗಲು ಅವಕಾಶ ಕೊಟ್ಟಿದೆ. ಹಾಗಾಗಿ ಸ್ವಂತ ಹೊಲವಿದ್ದವರಲ್ಲಿ ವಾದಿಸಿ ಪ್ರಯೋಜನವಿಲ್ಲ. ಜೋಡಿ ಮುರಿಯುವುದು, ಮುರಿಯಬಾರದೆಂದು ಸಂಶೋಧನೆ ಹೇಳಿದ ತಿಂಗಳಲ್ಲೇ.

ನಮ್ಮ ತಂಡದ ಪ್ರಸ್ತಾವಕ್ಕೆ ಮರ್ಯಾದೆ ಸಿಕ್ಕಿದ್ದು ಈ ಸಂಗತಿಯನ್ನೇ ಹೆಸರಿನಲ್ಲಿ ಇಟ್ಟಾಗ: ‘ಕ್ರಾಸಿಂಗ್ ಹಂಗಾಮಿನಲ್ಲಿ ಭೇಟಿ ತಪ್ಪದಿರಲು ಏನು ಮಾಡಬೇಕು?’ ಅದಕ್ಕೆ ಮೊದಲು ಸಬಲೀಕರಣ, ನಾಯಕತ್ವ, ಕನಸುಗಳ ರೆಕ್ಕೆ ಎಲ್ಲವನ್ನೂ ಕಳಿಸಿ ಆಗಿತ್ತು. ‘ಇದೇ ವಿಷಯದ ಗೋಷ್ಠಿಗಳು ಈಗಾಗಲೇ ಇವೆ’ ಎಂಬ ಉತ್ತರವೂ ಬಂದಿತ್ತು. ಇಷ್ಟು ಸ್ಥಳೀಯವಾದ ವಿಷಯಕ್ಕೆ ಬೇರೆ ಜಿಲ್ಲೆಯವರು ಯಾಕೆ ಬರುತ್ತಾರೆ ಎಂಬ ಅನುಮಾನ ತಂಡದೊಳಗೇ ಇತ್ತು. ಬಂದರು. ಕೊಡಗು, ಚಿಕ್ಕಮಗಳೂರಿಗೆ ಕಾಫಿ ಕೊಯ್ಲಿನ ತಿಂಗಳಿವೆ. ಕರಾವಳಿಯಲ್ಲಿ ಜೂನ್, ಜುಲೈ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಮನೆಯ ಆದಾಯ ನಿಲ್ಲುವ ಕಾಲ. ಕಲ್ಯಾಣ ಕರ್ನಾಟಕದ ಎಷ್ಟೋ ಮನೆಗಳಲ್ಲಿ ತಂದೆತಾಯಿ ಗುಳೆ ಹೋಗುತ್ತಾರೆ. ಎಲ್ಲರಿಗೂ ಅವರವರದೇ ಒಂದು ಕ್ರಾಸಿಂಗ್ ಇತ್ತು.

ಆ ಕಾರ್ಯಾಗಾರದಲ್ಲಿ ಭಾಷಣ ಇರಲಿಲ್ಲ. ಹನ್ನೆರಡು ತಿಂಗಳ ಖಾಲಿ ಪಟ್ಟಿ, ಮೂರು ಬಣ್ಣದ ಪೆನ್ನು. ಬಂದವರು ತಮ್ಮೂರಿನ ಸುಗ್ಗಿ, ಜಾತ್ರೆ, ಪರೀಕ್ಷೆ, ಕೊನೆಯ ಬಸ್ಸಿನ ವೇಳೆ ಗುರುತಿಸಬೇಕು. ಆಮೇಲೆ ಉಳಿದ ಜಾಗದಲ್ಲಿ ಭೇಟಿಗಳನ್ನು ಇಡಬೇಕು. ಜಾಗವೇ ಉಳಿಯದ ತಿಂಗಳಿಗೆ ಬದಲಿ ಹುಡುಕಬೇಕು: ಫೋನಿನಲ್ಲಿ ಹತ್ತು ನಿಮಿಷ, ಚೀಟಿ, ಅಥವಾ ಸಂಜೆಯ ಕೆಲಸ ಮುಗಿದ ಮೇಲೆ ಮನೆಯ ಕಟ್ಟೆಯಲ್ಲಿ ಒಂದಿಷ್ಟು ಮಾತು. ಎದ್ದು ಹೋಗುವಾಗ ಪ್ರತಿಯೊಬ್ಬರ ಕೈಯಲ್ಲೂ ತುಂಬಿದ ಪಟ್ಟಿ ಇರಬೇಕು. ವಾಷಿಂಗ್ಟನ್ನಿನಲ್ಲಿ ‘ಮೆಂಟರ್’ ಸಂಸ್ಥೆ ಜನವರಿಯಲ್ಲಿ ನಡೆಸುತ್ತ ಬಂದಿರುವ ರಾಷ್ಟ್ರೀಯ ಸಮಾವೇಶವಾಗಲಿ, ಹುಬ್ಬಳ್ಳಿಯಲ್ಲಿ ಸ್ವಯಂಸೇವಾ ಸಂಸ್ಥೆಗಳೆಲ್ಲ ಕೂಡುವ ದೇಶಪಾಂಡೆ ಫೌಂಡೇಶನ್ನಿನ ‘ಡೆವಲಪ್‌ಮೆಂಟ್ ಡೈಲಾಗ್’ನಂಥ ಕೂಟವಾಗಲಿ, ಅಷ್ಟು ದೂರ ಬಂದವರು ಊರಿಗೆ ಒಯ್ಯಲು ಏನಾದರೂ ಹುಡುಕುತ್ತಿರುತ್ತಾರೆ. ಅದನ್ನು ಪ್ರಸ್ತಾವದ ಎರಡನೇ ಸಾಲಿನಲ್ಲೇ ಹೇಳಬೇಕು, ನಾಲ್ಕನೇ ಪುಟದಲ್ಲಲ್ಲ.

ಸಮಯದ ವಿಷಯ ಸಣ್ಣದು, ಆದರೂ ಹೇಳಬೇಕು. ತೊಂಬತ್ತು ನಿಮಿಷ ಕೊಟ್ಟರೆ ಅರವತ್ತಕ್ಕೆ ಯೋಜನೆ ಹಾಕಬೇಕು. ಉದ್ಘಾಟನೆ ತಡವಾಗದ ಸಮಾವೇಶ ಕರ್ನಾಟಕದಲ್ಲಿ ಇನ್ನೂ ನಡೆದಿಲ್ಲ. ಊಟದ ನಂತರದ ಹೊತ್ತು ಸಿಕ್ಕರೆ ಪ್ರೊಜೆಕ್ಟರ್ ಮರೆತು ಎಲ್ಲರನ್ನೂ ಎದ್ದು ನಿಲ್ಲಿಸುವ ಕೆಲಸ ಕೊಡಬೇಕು. ಕುರ್ಚಿಗಳು ನೆಲಕ್ಕೆ ಬಿಗಿದಿವೆಯೇ ಎಂದು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ತಕರಾರಿನ ವಿಷಯ ಬೇರೆ ಇದೆ. ಎಷ್ಟೋ ಪ್ರಸ್ತಾವಗಳಲ್ಲಿ ‘ಯಶೋಗಾಥೆ: ವಿದ್ಯಾರ್ಥಿನಿಯ ಮಾತುಗಳಲ್ಲಿ’ ಎಂಬ ಭಾಗವಿರುತ್ತದೆ. ಕುಡುಕ ತಂದೆ, ನಿಂತ ಮದುವೆ, ಕಣ್ಣೀರು, ಕೊನೆಗೆ ಚಪ್ಪಾಳೆ. ಹದಿನೈದು ವರ್ಷದ ಹುಡುಗಿಯ ಮನೆಯ ಕಷ್ಟವನ್ನು ಅಪರಿಚಿತರ ಮುಂದೆ ಬಿಚ್ಚಿಸುವುದಕ್ಕೆ ಕಾರ್ಯಾಗಾರ ಎನ್ನಬಾರದು. ರಕ್ಷಣೆ ಬೇಕಾದ ಮಕ್ಕಳ ಗುರುತು ಹೊರಗೆಡಹುವುದನ್ನು 2015ರ ಬಾಲನ್ಯಾಯ ಕಾಯ್ದೆಯೇ ನಿಷೇಧಿಸಿದೆ. ಆದರೂ ಫೋಟೊ ಸಮೇತ ಬ್ಯಾನರ್ ಹಾಕುವವರಿದ್ದಾರೆ. ಮಕ್ಕಳು ಮಾತಾಡಬಾರದೆಂದಲ್ಲ. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಅಲ್ಲಿ ಅವರು ಶೌಚಾಲಯ, ಬಸ್ಸು, ಬೀದಿದೀಪ ಕೇಳುತ್ತಾರೆ, ಅಧ್ಯಕ್ಷರು ಉತ್ತರ ಕೊಡಬೇಕಾಗುತ್ತದೆ. ಆ ಧಾಟಿಯಲ್ಲಿ, ಮಾರ್ಗದರ್ಶಿ ಅಂದರೆ ಹೇಗಿರಬೇಕು ಎಂದು ಹೇಳಲು ಬರುವುದಾದರೆ ಬರಲಿ.

ಸುರಕ್ಷತೆಯ ಕುರಿತಂತೂ ಪ್ರತಿ ಸಮಾವೇಶದಲ್ಲಿ ಒಂದು ಕಾರ್ಯಾಗಾರ ಇರಲೇಬೇಕು, ಯಾರೂ ಕೇಳದಿದ್ದರೂ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಅಪರಾಧದ ಸುಳಿವು ಸಿಕ್ಕವರು ದೂರು ಕೊಡಲೇಬೇಕು. ಇಪ್ಪತ್ತರ ಹರೆಯದ ಸ್ವಯಂಸೇವಕನಿಗೆ ಇದು ಗೊತ್ತಿರುವುದಿಲ್ಲ. ಭೇಟಿ ಎಲ್ಲಿ ಎಂಬುದೂ ಇದರದೇ ಭಾಗ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದು ಈಗ ‘ಅರಿವು ಕೇಂದ್ರ’ಗಳಾಗಿವೆ. ನಾಲ್ಕು ಜನ ಓಡಾಡುವ, ಗ್ರಂಥಪಾಲಕರು ಕೂತಿರುವ ಇಂಥ ಜಾಗ ಹಳ್ಳಿಯಲ್ಲಿ ಇನ್ನೊಂದು ಸಿಗುವುದು ಕಷ್ಟ.

ಫಲಿತಾಂಶ ಹೇಗೆ ಅಳೆಯುತ್ತೀರಿ ಎಂದು ಫಾರ್ಮ್ ಕೇಳಿದಾಗ ಗಾಬರಿಯಾಗಬೇಕಿಲ್ಲ. ಬೆಂಗಳೂರಿನಲ್ಲಿ 1999ರಲ್ಲಿ ಶುರುವಾದ ‘ಡ್ರೀಮ್ ಎ ಡ್ರೀಮ್’ ರೂಪಿಸಿದ ಜೀವನ ಕೌಶಲ ಅಳತೆಪಟ್ಟಿಯಲ್ಲಿ ಇರುವುದು ಐದೇ ಅಂಶ. ಮಗು ಇತರರೊಡನೆ ಬೆರೆಯುತ್ತದೆಯೇ, ಕಷ್ಟ ಬಂದರೆ ದಾರಿ ಹುಡುಕುತ್ತದೆಯೇ, ತಾನಾಗಿ ಮುಂದಾಗುತ್ತದೆಯೇ, ಜಗಳ ನಿಭಾಯಿಸುತ್ತದೆಯೇ, ಹೇಳಿದ್ದನ್ನು ತಿಳಿದು ನಡೆಯುತ್ತದೆಯೇ. ಜೊತೆಗಿದ್ದವರು ನೋಡಿ ಅಂಕ ಹಾಕಬಹುದು.

ಖರ್ಚಿನ ಕಾಲಮ್ಮನ್ನು ಸಂಕೋಚವಿಲ್ಲದೆ ತುಂಬಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಿಂದಾಗಿ ನಮ್ಮ ಅಕ್ಕಾರು ಹುಬ್ಬಳ್ಳಿಗೆ ಟಿಕೆಟಿಗೆ ದುಡ್ಡಿಲ್ಲದೆ ಹೋಗಿಬರುತ್ತಾರೆ. ಅಣ್ಣಾರ ಬಸ್ ಚಾರ್ಜು, ಕೂಲಿ ತಪ್ಪಿದ ದಿನದ ಹಣ, ರಾತ್ರಿ ಉಳಿಯುವ ಕೋಣೆ ಇವನ್ನು ಆಯೋಜಕರೇ ಕೊಡಬೇಕೆಂದು ಬರೆಯಬೇಕು. ಕೇಳಿದರೆ ಕೊಡುತ್ತಾರೆ, ಕೇಳದಿದ್ದರೆ ವೇದಿಕೆಯಲ್ಲಿ ಬೆಂಗಳೂರಿನವರೇ ತುಂಬಿರುತ್ತಾರೆ.

ಹಾವೇರಿ ಜಿಲ್ಲೆಯ ಪ್ರೌಢಶಾಲೆ ಶಿಕ್ಷಕರು, ಎನ್‌ಎಸ್‌ಎಸ್ ಅಧಿಕಾರಿಗಳು, ಅರಿವು ಕೇಂದ್ರದ ಗ್ರಂಥಪಾಲಕರು ಮುಂದಿನ ಫಾರ್ಮ್ ಬಂದಾಗ ಅದನ್ನು ಗ್ರೂಪಿನಲ್ಲಿ ದಾಟಿಸಿ ಸುಮ್ಮನಾಗಬೇಡಿ. ಫಾರ್ಮ್ ಇಂಗ್ಲಿಷಿನಲ್ಲಿದ್ದರೂ ಉತ್ತರ ಕನ್ನಡದಲ್ಲಿ ಬರೆಯಿರಿ, ಕಾರ್ಯಾಗಾರವನ್ನೂ ಕನ್ನಡದಲ್ಲೇ ನಡೆಸುತ್ತೇವೆಂದು ಹೇಳಿ. ಶಿಗ್ಗಾವಿಯವರು, ಸವಣೂರಿನವರು ಒಟ್ಟು ಸೇರಿ ಒಂದೇ ಪ್ರಸ್ತಾವ ಕಳಿಸಿದರೂ ಆದೀತು. ಹೆಸರಿನ ಜಾಗದಲ್ಲಿ ಮಾತ್ರ, ಈ ವರ್ಷ ನಿಮ್ಮೂರಿನ ಮಕ್ಕಳ ಭೇಟಿ ಯಾವ ತಿಂಗಳಲ್ಲಿ, ಯಾತಕ್ಕೆ ತಪ್ಪಿತು ಎಂಬುದನ್ನೇ ಬರೆಯಿರಿ.